ಯಾವ ಬಾಗಿಲು ಮುಚ್ಚಿತ್ತು? ಬ್ಯಾಂಕ್ ಕೆಲಸಕ್ಕಾಗಿ ಅಲೆದ ಒಬ್ಬ ಬಿ.ಕಾಂ. ಪದವೀಧರೆಯ ಪ್ರಕರಣ

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ವಿಜಯನಗರದ ಒಂದು ಖಾಸಗಿ ವಾಚನಾಲಯದಲ್ಲಿ ಕೂರುತ್ತೇನೆ. ಬ್ಯಾಂಕ್ ಪರೀಕ್ಷೆ ಬರೆಯುವ ಹುಡುಗ ಹುಡುಗಿಯರು ಬಂದು ಅರ್ಜಿ ತೋರಿಸುತ್ತಾರೆ, ಸಂಶಯ ಕೇಳುತ್ತಾರೆ, ಕೆಲವೊಮ್ಮೆ ಸುಮ್ಮನೆ ಅಳುತ್ತಾರೆ. ಇಲ್ಲಿ ಬರೆಯುತ್ತಿರುವುದು ಅವರಲ್ಲಿ ಒಬ್ಬಳ ವಿಷಯ. ಅವಳ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥದ್ದನ್ನು ಬಿಟ್ಟಿದ್ದೇನೆ. ಅಂಕಗಳನ್ನೂ ಹಣದ ಲೆಕ್ಕವನ್ನೂ ಮಾತ್ರ ಮುಟ್ಟಿಲ್ಲ. ಅವಳನ್ನು ಚೈತ್ರಾ ಎನ್ನೋಣ.

ಹಿನ್ನೆಲೆ

ತಂದೆ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್, ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ಮಾಗಡಿ ರಸ್ತೆಯ ಕಡೆ ಬಾಡಿಗೆ ಮನೆ. ಚೈತ್ರಾ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿ, 2021ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಿಂದ ಬಿ.ಕಾಂ. ಮುಗಿಸಿದಳು. ಶೇಕಡಾ 68 ಅಂಕ. ಕೊರೊನಾ ಕಾಲದಲ್ಲಿ ಓದಿದವಳಾದ್ದರಿಂದ ಕೊನೆಯ ಎರಡು ವರ್ಷದ ಪಾಠವೆಲ್ಲ ತಂದೆಯ ಮೊಬೈಲಿನಲ್ಲೇ.

ಬ್ಯಾಂಕ್ ಕೆಲಸವೇ ಏಕೆ ಎಂದು ಕೇಳಿದ್ದಕ್ಕೆ ಉತ್ತರ ಬಂದದ್ದು ತಂದೆಯಿಂದ. ‘ಬಿಸಿಲಿಲ್ಲ ಸಾರ್, ಗ್ರೀಸ್ ಇಲ್ಲ’ ಎಂದು ತಮ್ಮ ಅಂಗೈ ತೋರಿಸಿದರು. ಎಷ್ಟು ಸೋಪು ಹಾಕಿದರೂ ಹೋಗದ ಕಪ್ಪು ಗೆರೆಗಳು ಅದರಲ್ಲಿ ಇದ್ದವು. ಅದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಯಾವ ಸಂದರ್ಶನದಲ್ಲೂ ಕೇಳಿಲ್ಲ.

ಪದವಿ ಮುಗಿದ ಕೂಡಲೇ ಅವಳಿಗೆ ಒಂದು ‘ಬ್ಯಾಂಕ್ ಕೆಲಸ’ ಸಿಕ್ಕಿತ್ತು. ಕೊರಳಿಗೆ ಖಾಸಗಿ ಬ್ಯಾಂಕಿನ ಬಣ್ಣದ ಪಟ್ಟಿ, ಅದರ ತುದಿಯಲ್ಲಿ ಗುರುತಿನ ಚೀಟಿ. ಬೀದಿಯವರೆಲ್ಲ ನೋಡಿ ಸಂತೋಷಪಟ್ಟರು. ಚೀಟಿಯ ಹಿಂಬದಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಬೇರೊಂದು ಕಂಪನಿಯ ಹೆಸರಿತ್ತು. ಅಂದರೆ ಅವಳು ಬ್ಯಾಂಕಿನ ನೌಕರಳಲ್ಲ, ಬ್ಯಾಂಕಿಗೆ ಜನ ಒದಗಿಸುವ ಸಂಸ್ಥೆಯ ನೌಕರಳು. ಕೆಲಸವೆಂದರೆ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ದೊಡ್ಡ ಛತ್ರಿಯ ಕೆಳಗೆ ಮೇಜು ಹಾಕಿಕೊಂಡು ಉಳಿತಾಯ ಖಾತೆ ತೆರೆಸುವುದು. ಸಂಬಳ 15,500 ರೂಪಾಯಿ, ತಿಂಗಳಿಗೆ ಇಪ್ಪತ್ತು ಖಾತೆಯ ಗುರಿ. ಮೊದಲ ತಿಂಗಳು ನೆಂಟರಿಷ್ಟರ ಖಾತೆಗಳಿಂದ ಗುರಿ ಮುಟ್ಟಿತು. ಎರಡನೆಯ ತಿಂಗಳಿಗೆ ನೆಂಟರು ಮುಗಿದರು. ನಾಲ್ಕನೆಯ ತಿಂಗಳು ಬಿಟ್ಟಳು.

ಮಾರಾಟದ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಅದರಿಂದಲೇ ಮೇಲೆ ಬಂದವರನ್ನು ಬಲ್ಲೆ. ಆದರೆ ತಾನು ಸೇರುತ್ತಿರುವುದು ಏನೆಂದು ಅವಳಿಗೆ ಗೊತ್ತಿರಲಿಲ್ಲ. ನೇಮಕ ಪತ್ರದ ತಲೆಯಲ್ಲಿ ಯಾರ ಹೆಸರಿದೆ, ಭವಿಷ್ಯ ನಿಧಿ ಕಟ್ಟುವವರು ಯಾರು ಎಂಬ ಎರಡು ಪ್ರಶ್ನೆ ಕೇಳಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಸಮಸ್ಯೆ, ಅವಳು ಹೇಳಿದಂತೆ

2022ರಲ್ಲಿ ವಿಜಯನಗರದ ಒಂದು ತರಬೇತಿ ಕೇಂದ್ರಕ್ಕೆ 16,000 ರೂಪಾಯಿ ಕಟ್ಟಿದಳು. ವಾಚನಾಲಯದಲ್ಲಿ ಕೂರಲು ಜಾಗಕ್ಕೆ ತಿಂಗಳಿಗೆ 700. ಕಣ್ಣಿಗೆ ಬಿದ್ದ ಅರ್ಜಿಯನ್ನೆಲ್ಲ ತುಂಬಿದಳು. ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ನೇಮಕ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಬಿಪಿಎಸ್‌ನ ಕ್ಲರ್ಕ್, ಅಕ್ಟೋಬರಿನಲ್ಲಿ ಪ್ರೊಬೇಷನರಿ ಅಧಿಕಾರಿ, ನವೆಂಬರಿನಲ್ಲಿ ಸ್ಟೇಟ್ ಬ್ಯಾಂಕಿನ ಕ್ಲರ್ಕ್. ಮೂರರಲ್ಲೂ ಪೂರ್ವಭಾವಿ ಪರೀಕ್ಷೆಯಲ್ಲೇ ನಿಂತಳು.

ನಾನು ಬ್ಯಾಂಕ್ ಸೇರಿದಾಗ ನೇಮಕಕ್ಕೆ ಬಿಎಸ್‌ಆರ್‌ಬಿ ಎಂಬ ಮಂಡಳಿ ಇತ್ತು. 2011ರಿಂದ ಸಾರ್ವಜನಿಕ ಬ್ಯಾಂಕುಗಳಿಗೆ ಐಬಿಪಿಎಸ್‌ನ ಸಾಮಾನ್ಯ ಪರೀಕ್ಷೆ ಬಂತು. ಮೇಲ್ನೋಟಕ್ಕೆ ಈ ಪರೀಕ್ಷೆಗಳೆಲ್ಲ ಒಂದೇ ತರಹ ಕಾಣುತ್ತವೆ. ತರಬೇತಿ ಕೇಂದ್ರಗಳು ಕಲಿಸುವುದೂ ಒಂದೇ ರಾಶಿಯಾಗಿ. ಒಳಗೆ ಹೊಕ್ಕರೆ ವ್ಯತ್ಯಾಸವಿದೆ, ಚೈತ್ರಾಳ ವಿಷಯದಲ್ಲಿ ಎಲ್ಲವೂ ನಿಂತದ್ದು ಆ ವ್ಯತ್ಯಾಸದ ಮೇಲೆಯೇ.

2023ರ ಆರಂಭದಲ್ಲಿ ಅವಳು ಮೊದಲ ಸಲ ನನ್ನ ಮೇಜಿನ ಮುಂದೆ ಕೂತದ್ದು ಓದಿನ ಬಗ್ಗೆ ಕೇಳಲು ಅಲ್ಲ. ಒಂದು ಕಾಗದ ತಂದಿದ್ದಳು. ಗಾಂಧಿನಗರದ ಕಡೆ ಕಚೇರಿ ಇಟ್ಟುಕೊಂಡಿದ್ದ ಒಬ್ಬ ಮಧ್ಯವರ್ತಿ ಕೊಟ್ಟದ್ದು. ಕ್ಲರ್ಕ್ ಹುದ್ದೆಯ ಸಂದರ್ಶನ ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿದೆ, ಎರಡೂವರೆ ಲಕ್ಷ ಕಟ್ಟಿದರೆ ನೇಮಕ ಖಚಿತ ಎಂಬುದು ಅವನ ಮಾತು. ‘ಫೈಲ್ ಖರ್ಚು’ ಎಂದು ಹತ್ತು ಸಾವಿರವನ್ನು ತಂದೆ ಆಗಲೇ ಕೊಟ್ಟಿದ್ದರು. ಉಳಿದದ್ದಕ್ಕೆ ಮುಂದಿನ ಭಾನುವಾರ ಚೀಟಿ ಕೂಗುವವರಿದ್ದರು.

ಮೊದಲ ತಿರುವು

ತಂದೆಯನ್ನು ಕರೆದುಕೊಂಡು ಬಾ ಎಂದೆ. ಬಂದರು. ಇದು ಮೋಸ ಎಂದೆ. ಅವರು ನಕ್ಕು, ‘ನಿಮ್ಮ ಕಾಲ ಬೇರೆ ಸಾರ್. ಈಗ ದುಡ್ಡಿಲ್ಲದೆ ಯಾವುದು ನಡೆಯುತ್ತದೆ?’ ಎಂದರು. ನೀತಿಯ ಮಾತು ಅಲ್ಲಿ ನಡೆಯುವಂತಿರಲಿಲ್ಲ. ಅವರು ನಲವತ್ತು ವರ್ಷ ಕಂಡ ಊರು ಅವರಿಗೆ ಬೇರೆಯದನ್ನೇ ಕಲಿಸಿತ್ತು.

ಆಗ ಐಬಿಪಿಎಸ್ ಅಧಿಸೂಚನೆಯ ಆಯ್ಕೆ ವಿಧಾನದ ಪುಟವನ್ನು ಮುದ್ರಿಸಿ ಕೊಟ್ಟೆ. ಕ್ಲರ್ಕ್ ಹುದ್ದೆಗೆ ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸ್ಥಳೀಯ ಭಾಷೆಯ ಅರ್ಹತೆ, ಅಷ್ಟೇ. ಸಂದರ್ಶನವೇ ಇಲ್ಲ. ‘ಇಲ್ಲದ ಸಂದರ್ಶನಕ್ಕೆ ಪಟ್ಟಿ ಎಲ್ಲಿಂದ ಬಂತು?’ ಎಂದು ಕೇಳಿದೆ. ಮಗಳು ಸಾಲು ಸಾಲಾಗಿ ಅರ್ಥ ಹೇಳಿದಳು. ಅವರು ಪೆನ್ಸಿಲಿನಲ್ಲಿ ಗೆರೆ ಎಳೆದ ಜಾಗವನ್ನು ಹತ್ತು ನಿಮಿಷ ನೋಡಿದರು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು. ಭಾನುವಾರ ಚೀಟಿ ಕೂಗಲಿಲ್ಲ.

ಇಲ್ಲಿ ತಡೆದದ್ದು ನನ್ನ ಅನುಭವವಲ್ಲ, ಒಂದು ಸಣ್ಣ ವಾಸ್ತವಾಂಶ. ಅಂದಿನಿಂದ ಇಂಥ ಕುಟುಂಬಗಳು ಬಂದಾಗ ಉಪದೇಶ ಬಿಟ್ಟು ಅಧಿಸೂಚನೆಯ ಪುಟವನ್ನೇ ಮುಂದಿಡುತ್ತೇನೆ.

ಪ್ರಯತ್ನಗಳು, ನನ್ನ ತಪ್ಪಿನ ಸಮೇತ

ಮುಂದಿನ ಶನಿವಾರ ಸ್ಕೋರ್ ಕಾರ್ಡ್‌ಗಳನ್ನು ಕೇಳಿದೆ. ಇರಲಿಲ್ಲ. ಫಲಿತಾಂಶದ ಪುಟದಲ್ಲಿ ಅರ್ಹರಾಗಿಲ್ಲ ಎಂದು ಕಂಡ ಕೂಡಲೇ ಮುಚ್ಚಿಬಿಡುತ್ತಿದ್ದಳಂತೆ. ಸ್ಕೋರ್ ಕಾರ್ಡ್ ಕೆಲವು ದಿನ ಮಾತ್ರ ಸಿಗುತ್ತದೆ, ಆಮೇಲೆ ಕೊಂಡಿಯೇ ಇರುವುದಿಲ್ಲ. ಅದೃಷ್ಟಕ್ಕೆ ಐಬಿಪಿಎಸ್ ಕ್ಲರ್ಕ್‌ನದ್ದನ್ನು ಅವಳ ತಮ್ಮ ತಂದೆಯ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟಿದ್ದ. ದೇವರ ಫೋಟೋಗಳ ನಡುವೆ ಅದು ಸಿಕ್ಕಿತು.

ರೀಸನಿಂಗ್, ಅಂದರೆ ತರ್ಕ, 35ಕ್ಕೆ 30.25. ಸಂಖ್ಯಾ ಸಾಮರ್ಥ್ಯ 35ಕ್ಕೆ 29.50. ಇಂಗ್ಲಿಷ್ 30ಕ್ಕೆ 6.50.

ಕೆಲ ಹೊತ್ತು ಇಬ್ಬರೂ ಮಾತಾಡಲಿಲ್ಲ. ಒಂದು ವರ್ಷ ಈ ಹುಡುಗಿ ‘ನನಗೆ ಬ್ಯಾಂಕ್ ಪರೀಕ್ಷೆ ಆಗುವುದಿಲ್ಲ’ ಎಂದು ನಂಬಿಕೊಂಡು ಓಡಾಡಿದ್ದಳು. ದಿನಕ್ಕೆ ಆರು ಗಂಟೆ ಗಣಿತ, ರೀಸನಿಂಗ್ ಬಿಡಿಸುತ್ತಿದ್ದಳು. ಅವಳಿಗೆ ಚೆನ್ನಾಗಿ ಬರುತ್ತಿದ್ದುದೇ ಅವೆರಡು. ಐಬಿಪಿಎಸ್ ಕ್ಲರ್ಕ್ ಪೂರ್ವಭಾವಿಯಲ್ಲಿ ಪ್ರತಿ ವಿಭಾಗಕ್ಕೂ ಪ್ರತ್ಯೇಕ ಕನಿಷ್ಠ ಅಂಕವಿದೆ. ಒಂದರಲ್ಲಿ ಬಿದ್ದರೆ ಉಳಿದೆರಡರ ಅಂಕ ನೀರಿನಲ್ಲಿ ಹೋಮ. ಸ್ಟೇಟ್ ಬ್ಯಾಂಕಿನ ಕ್ಲರ್ಕ್ ಪೂರ್ವಭಾವಿಯಲ್ಲಿ ವಿಭಾಗವಾರು ಮಿತಿ ಇಲ್ಲ, ಆದರೆ ಅಲ್ಲಿಯೂ ಇಂಗ್ಲಿಷ್ ಅವಳ ಒಟ್ಟು ಅಂಕವನ್ನು ಕೆಳಗೆಳೆದಿತ್ತು.

ಈಗ ನನ್ನ ತಪ್ಪು. ಕ್ಲರ್ಕ್ ಪರೀಕ್ಷೆಯನ್ನು ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ನಿರ್ಧಾರ 2021ರಲ್ಲಿ ಆಗಿತ್ತು. ಚೈತ್ರಾ ಇಂಗ್ಲಿಷಿನಲ್ಲೇ ಬರೆಯುತ್ತಿದ್ದಳು. ಕನ್ನಡದಲ್ಲಿ ಬರೆದರೆ ಹಗುರವಾಗುತ್ತದೆ ಎಂದು ಉತ್ಸಾಹದಿಂದ ಹೇಳಿದೆ. ಎರಡು ತಿಂಗಳು ಹಾಗೆ ಅಭ್ಯಾಸ ಮಾಡಿದಳು, ರೀಸನಿಂಗ್ ಅಂಕ ಇಳಿಯಿತು. ಯಾರ ಪಕ್ಕ ಯಾರು ಕೂತಿದ್ದಾರೆ ಎಂದು ಕೇಳುವ ಆಸನ ವ್ಯವಸ್ಥೆಯ ಲೆಕ್ಕಗಳನ್ನೆಲ್ಲ ಇಂಗ್ಲಿಷ್ ಪುಸ್ತಕದಿಂದ ಕಲಿತಿದ್ದವಳಿಗೆ ಅನುವಾದದ ಕನ್ನಡ ವಾಕ್ಯಗಳನ್ನು ಎರಡೆರಡು ಸಲ ಓದಬೇಕಾಗುತ್ತಿತ್ತು. ಅಲ್ಲದೆ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಉಳಿಯುತ್ತದೆ, ತೊಡಕು ಇದ್ದದ್ದೂ ಅಲ್ಲೇ. ಭಾಷೆಯ ಮೇಲಿನ ನನ್ನ ಅಭಿಮಾನ ಅವಳ ಎರಡು ತಿಂಗಳನ್ನು ತಿಂದಿತು. ಮೊದಲಿಂದಲೂ ಕನ್ನಡದಲ್ಲೇ ಅಭ್ಯಾಸ ಮಾಡಿದವರಿಗೆ ಅದು ಬೇರೆ ಮಾತು.

ಆಮೇಲೆ ಮಾಡಿದ್ದು ಮೊದಲೇ ಮಾಡಬೇಕಿದ್ದದ್ದು. ಅವಳು ಅಣಕು ಪರೀಕ್ಷೆ ಬರೆಯುವಾಗ ಪಕ್ಕದಲ್ಲಿ ಕೂತು ನೋಡಿದೆ. ಸ್ಕೋರ್ ಕಾರ್ಡಿನಲ್ಲಿ ಇರುವುದು ಬೇರೆ ಬೇರೆ ಪಾಳಿಗಳ ನಡುವೆ ಸರಿದೂಗಿಸಿದ ಅಂಕ, ಎಷ್ಟು ಸರಿ ಎಷ್ಟು ತಪ್ಪು ಎಂಬುದು ಅದರಿಂದ ತಿಳಿಯುವುದಿಲ್ಲ. ಕಣ್ಣಾರೆ ನೋಡಲೇಬೇಕು. ಗಣಿತದಲ್ಲಿ ಅವಳ ತುಟಿಗಳು ‘ಏಳೆಂಟ್ಲ ಐವತ್ತಾರು’ ಎಂದು ಅಲ್ಲಾಡುತ್ತಿದ್ದವು, ಬೆರಳು ಅದಕ್ಕಿಂತ ಮುಂಚೆ ಉತ್ತರ ಒತ್ತುತ್ತಿತ್ತು. ಇಂಗ್ಲಿಷ್ ತೆರೆದ ಕೂಡಲೇ ಬೆನ್ನು ನೆಟ್ಟಗಾಯಿತು. ಗದ್ಯಭಾಗದ ಮೊದಲ ಪದದಿಂದ ಬೆರಳಿಟ್ಟುಕೊಂಡು ಓದತೊಡಗಿದಳು. ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡೇ ಮುಂದೆ ಹೋಗುವುದು. ಇಡೀ ವಿಭಾಗಕ್ಕಿರುವ 20 ನಿಮಿಷದಲ್ಲಿ 11 ನಿಮಿಷ ಗದ್ಯಕ್ಕೇ ಹೋಯಿತು. ಉಳಿದದ್ದನ್ನು ಗಾಬರಿಯಲ್ಲಿ ಊಹಿಸಿ ಒತ್ತಿದಳು. ಪ್ರತಿ ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ.

ಅನುಕ್ರಮ ಬದಲಿಸಿದೆವು. ಮೊದಲು ತಪ್ಪು ಹುಡುಕುವ ವಾಕ್ಯಗಳು, ಆಮೇಲೆ ಬಿಟ್ಟ ಸ್ಥಳ, ಕೊನೆಗೆ ಗದ್ಯ. ಊಹೆ ನಿಷಿದ್ಧ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟವನ್ನು ಜೋರಾಗಿ ಓದುವುದು, ಅನುವಾದಿಸದೆ. ನಾಲ್ಕು ತಿಂಗಳಲ್ಲಿ ಅಣಕು ಪರೀಕ್ಷೆಯ ಅಂಕ ಏಳರ ಆಸುಪಾಸಿನಿಂದ ಹನ್ನೆರಡಕ್ಕೆ ಬಂತು. ಚಮತ್ಕಾರವೇನೂ ಅಲ್ಲ.

ಈ ನಡುವೆ ಅರ್ಜಿಯ ಪ್ರತಿ ನೋಡುತ್ತಿದ್ದಾಗ ಇನ್ನೊಂದು ಕಣ್ಣಿಗೆ ಬಿತ್ತು. ಮನೆಯಲ್ಲಿ ರಾಜ್ಯದ ಪ್ರವರ್ಗ 2ಎ ಪ್ರಮಾಣಪತ್ರವಿದ್ದರೂ ಅವಳು ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿದ್ದಳು. ‘ರಾಜ್ಯದ ಪತ್ರ ಕೇಂದ್ರದ ಪರೀಕ್ಷೆಗೆ ನಡೆಯುವುದಿಲ್ಲ’ ಎಂದು ಯಾರೋ ಹೇಳಿದ್ದರಂತೆ. ಅದು ಅರ್ಧ ಸತ್ಯ. ಆ ಪತ್ರ ನಡೆಯುವುದಿಲ್ಲ ನಿಜ. ಆದರೆ ಸಮುದಾಯ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲೂ ಇದ್ದರೆ, ಕೆನೆಪದರಕ್ಕೆ ಸೇರದವರು ಕೇಂದ್ರದ ನಮೂನೆಯಲ್ಲಿ ಬೇರೆ ಪ್ರಮಾಣಪತ್ರ ಪಡೆಯಬಹುದು. ನಾಡಕಚೇರಿಗೆ ಮೂರು ಸಲ ಅಲೆದು ತಂದಳು. ಒಬಿಸಿಗೆ ಶುಲ್ಕದಲ್ಲಿ ರಿಯಾಯಿತಿ ಇಲ್ಲ, ಆದರೆ ಗರಿಷ್ಠ ವಯಸ್ಸಿಗೆ ಮೂರು ವರ್ಷ ಸೇರುತ್ತದೆ, ಕಟ್-ಆಫ್ ಬೇರೆ. ಒಂದು ಕಾಗದದ ನಮೂನೆ ಗೊತ್ತಿಲ್ಲದೆ ಎಷ್ಟು ಮಕ್ಕಳು ಸುಮ್ಮನೆ ದೂರ ಉಳಿದಿದ್ದಾರೋ.

ಬೆಂಗಳೂರು ಬಿಡುವ ಮಾತು

ದೊಡ್ಡ ನಿರ್ಧಾರ ಬೇರೆಯೇ ಇತ್ತು. ಗ್ರಾಮೀಣ ಬ್ಯಾಂಕುಗಳ ಕಚೇರಿ ಸಹಾಯಕ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷ್ ವಿಭಾಗವೇ ಇಲ್ಲ. ರೀಸನಿಂಗ್ 40, ಸಂಖ್ಯಾ ಸಾಮರ್ಥ್ಯ 40, ಒಟ್ಟು 45 ನಿಮಿಷ. ಇಂಗ್ಲಿಷ್ ಬರುವುದು ಮುಖ್ಯ ಪರೀಕ್ಷೆಯಲ್ಲಿ, ಅದೂ 200ಕ್ಕೆ 40 ಅಂಕ. ಸಂದರ್ಶನ ಇಲ್ಲ. ಇದನ್ನು ಅವಳಿಗಾಗಿಯೇ ಯಾರೋ ಕೂತು ಬರೆದಂತಿತ್ತು.

ಅರ್ಜಿ ಹಾಕಿರಲಿಲ್ಲ. ‘ಗ್ರಾಮೀಣ’ ಎಂಬ ಪದವೇ ಅಡ್ಡಿ. ತಂದೆ ಹಳ್ಳಿ ಬಿಟ್ಟು ಬೆಂಗಳೂರಿಗೆ ಬಂದದ್ದು ಮಗಳು ಮತ್ತೆ ಹಳ್ಳಿಗೆ ಹೋಗಲೆಂದಲ್ಲ. ಒಂಟಿ ಹುಡುಗಿ ಎಲ್ಲಿ ಇರುತ್ತಾಳೆ, ಊಟಕ್ಕೇನು, ಮದುವೆಗೆ ನೋಡುವವರು ಏನೆನ್ನುತ್ತಾರೆ ಎಂಬುದು ತಾಯಿಯ ಚಿಂತೆ. ಈ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇದೆ ಎಂದು ನಟಿಸಲೂ ಇಲ್ಲ. ಕೊನೆಗೆ ಚೈತ್ರಾಳೇ ಹೇಳಿದಳಂತೆ, ‘ಅಪ್ಪಾ, ಪರೀಕ್ಷೆ ಬರೆಯುತ್ತೇನೆ. ಸಿಕ್ಕಿದ ಮೇಲೆ ಬೇಡವೆನ್ನುವ ಹಕ್ಕು ನಮಗಿರುತ್ತದಲ್ಲ.’ ಮನೆ ಒಪ್ಪಿತು.

2023ರ ಆಗಸ್ಟಿನಲ್ಲಿ ಗ್ರಾಮೀಣ ಬ್ಯಾಂಕ್ ಪೂರ್ವಭಾವಿ ದಾಟಿದಳು. ಐಬಿಪಿಎಸ್ ಕ್ಲರ್ಕ್ ಪೂರ್ವಭಾವಿಯನ್ನೂ ಮೊದಲ ಬಾರಿಗೆ ದಾಟಿದಳು. ಎರಡರ ಮುಖ್ಯ ಪರೀಕ್ಷೆಯಲ್ಲೂ ಬಿದ್ದಳು. ಈ ಸಲ ಸ್ಕೋರ್ ಕಾರ್ಡ್ ಇಳಿಸಿಕೊಂಡು ತಾನೇ ತಂದಳು. ಇಂಗ್ಲಿಷ್ ಪರವಾಗಿಲ್ಲ. ನೆಲಕಚ್ಚಿದ್ದು ಸಾಮಾನ್ಯ ಮತ್ತು ಬ್ಯಾಂಕಿಂಗ್ ಜ್ಞಾನ. ಪೂರ್ವಭಾವಿಯಲ್ಲಿ ಈ ವಿಷಯವೇ ಇಲ್ಲವಾದ್ದರಿಂದ ಅವಳು ಅದನ್ನು ಹೆಚ್ಚುಕಡಿಮೆ ಮುಟ್ಟಿರಲೇ ಇಲ್ಲ.

ಸೊಸೈಟಿಯ ಕೌಂಟರು

ಮನೆಯಲ್ಲಿ ದುಡ್ಡಿನ ಬಿಗಿ ಹೆಚ್ಚಿತು. 2023ರ ನವೆಂಬರಿನಲ್ಲಿ ಹತ್ತಿರದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿ ಸೇರಿದಳು, 13,000 ರೂಪಾಯಿಗೆ. ‘ಸೊಸೈಟಿ ಕೆಲಸ ಸರ್’ ಎಂದು ತಲೆ ತಗ್ಗಿಸಿ ಹೇಳಿದಳು. ಓದು ಕೆಡುತ್ತದೆ ಎಂದು ನಾನೂ ಅಂದುಕೊಂಡೆ. ಇಬ್ಬರೂ ತಪ್ಪು.

ಅಲ್ಲಿ ಪಿಗ್ಮಿ ಖಾತೆಗಳಿದ್ದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಹೋಗಿ ಸಂಗ್ರಹಿಸಲು ಆರಂಭಿಸಿದ ಪದ್ಧತಿ ಅದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಬೀದಿ ಬೀದಿಯಲ್ಲಿ ಬದುಕಿದೆ. ಒಂದು ಸಂಜೆ ಪಿಗ್ಮಿ ಕಟ್ಟುವ ಹೂವಿನ ವ್ಯಾಪಾರಿ ಹೆಂಗಸು, ‘ಇಲ್ಲಿಟ್ಟ ದುಡ್ಡಿಗೆ ಐದು ಲಕ್ಷದ ವಿಮೆ ಇದೆಯಲ್ಲವೇನಮ್ಮಾ?’ ಎಂದು ಕೇಳಿದರು. ಚೈತ್ರಾ ಇದೆ ಎಂದುಬಿಟ್ಟಳು. ಠೇವಣಿ ವಿಮೆ 2020ರ ಫೆಬ್ರವರಿ 4ರಿಂದ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದ್ದು ಅವಳಿಗೆ ಬಾಯಿಪಾಠ. ಪಕ್ಕದಲ್ಲಿದ್ದ ಕಾರ್ಯದರ್ಶಿ ಮೆಲ್ಲಗೆ, ‘ಅದು ಬ್ಯಾಂಕುಗಳಿಗಮ್ಮ, ನಮ್ಮಂಥ ಸಂಘಕ್ಕಲ್ಲ’ ಎಂದರು.

ಅಂದು ರಾತ್ರಿ ನನಗೆ ಫೋನ್ ಮಾಡಿದಳು. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕು ವಿಮೆಯೊಳಗೆ ಬರುತ್ತವೆ, ಪ್ರಾಥಮಿಕ ಸಹಕಾರ ಸಂಘ ಬರುವುದಿಲ್ಲ ಎಂದೆ. 2020ರ ಜನವರಿಯಲ್ಲಿ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಖಾತೆದಾರರು 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಆ ಬೀದಿಯಲ್ಲಿ ನೆರೆದ ವೃದ್ಧರ ಗುಂಪಿನ ಬಗ್ಗೆಯೂ ಹೇಳಿದೆ. ಮಾರನೆಯ ದಿನ ಆ ಹೆಂಗಸಿಗೆ ನಿಜ ಹೇಳಿದಳು. ಅವರು ಅರ್ಧ ಹಣ ತೆಗೆದು ಬ್ಯಾಂಕಿಗೆ ಹಾಕಿದರು. ಕಾರ್ಯದರ್ಶಿ ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದರಂತೆ.

ಅಂದಿನಿಂದ ಬ್ಯಾಂಕಿಂಗ್ ಜ್ಞಾನ ಅವಳಿಗೆ ಪುಸ್ತಕದ ಸಾಲಾಗಿ ಉಳಿಯಲಿಲ್ಲ. ಒಂದೇ ದಿನ 50,000 ಮೀರಿ ನಗದು ಕಟ್ಟಲು ಬ್ಯಾಂಕು ಪ್ಯಾನ್ ಕೇಳುವುದೇಕೆ, ಪ್ಯಾನ್ ಇಲ್ಲದವರು ಫಾರಂ 60 ಕೊಡುವುದೇಕೆ ಎಂದು ಪ್ರತಿ ಶನಿವಾರ ಒಂದಲ್ಲ ಒಂದು ಪ್ರಶ್ನೆ ಹೊತ್ತು ತರುತ್ತಿದ್ದಳು. ಓದಲು ಸಿಗುತ್ತಿದ್ದುದು ಬೆಳಿಗ್ಗೆ ಎರಡು ಗಂಟೆ, ರಾತ್ರಿ ಒಂದೂವರೆ. ಆರು ಗಂಟೆ ಓದಿದ ವರ್ಷಕ್ಕಿಂತ ಈ ವರ್ಷ ಹೆಚ್ಚು ತಲೆಗೆ ಹತ್ತಿತು.

ಫಲ

2024ರಲ್ಲಿ ಕಟ್ಟಿದ್ದು ಒಂದೇ ಅರ್ಜಿ, ಗ್ರಾಮೀಣ ಬ್ಯಾಂಕಿನದು. ಇದು ಜೂಜು ಎಂದು ನಾನು ವಾದಿಸಿದೆ. ಅವಳು ಕೇಳಲಿಲ್ಲ. ರಜೆ ಹಾಕದೆ ಎಷ್ಟು ಓದಬಹುದೋ ಅಷ್ಟನ್ನೇ ಹರಡಿಕೊಳ್ಳುತ್ತೇನೆ ಎಂದಳು. ಆಗಸ್ಟಿನಲ್ಲಿ ಪೂರ್ವಭಾವಿ, ಅಕ್ಟೋಬರಿನಲ್ಲಿ ಮುಖ್ಯ ಪರೀಕ್ಷೆ. 2025ರ ಜನವರಿಯಲ್ಲಿ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು. ಬೇಡವೆನ್ನುವ ಹಕ್ಕಿನ ಮಾತನ್ನು ಯಾರೂ ಎತ್ತಲಿಲ್ಲ.

ಈಗ ಬೆಂಗಳೂರಿನಿಂದ ಬಸ್ಸಿನಲ್ಲಿ ನಾಲ್ಕೂವರೆ ಗಂಟೆ ದೂರದ ಒಂದು ಹೋಬಳಿಯ ಶಾಖೆಯಲ್ಲಿದ್ದಾಳೆ. ಮೊದಲ ತಿಂಗಳು ತಾಯಿ ಜೊತೆಗೆ ಹೋಗಿದ್ದರು. ಅವಳು ಸೇರಿದ ಹೊಸತರಲ್ಲೇ, 2025ರ ಮೇ 1ರಂದು, ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು.

ಇದನ್ನು ಎಲ್ಲರಿಗೂ ಒಗ್ಗುವ ದಾರಿ ಎಂದು ಓದಬಾರದು. ಅದೇ ವಾಚನಾಲಯದಲ್ಲಿ ಇಂಗ್ಲಿಷ್ ಚೆನ್ನಾಗಿದ್ದ ಒಬ್ಬ ಹುಡುಗ ಇವಳನ್ನು ನೋಡಿ ಗ್ರಾಮೀಣ ಬ್ಯಾಂಕ್ ಪರೀಕ್ಷೆಗೆ ಹೊರಳಿದ. 45 ನಿಮಿಷದಲ್ಲಿ 80 ಪ್ರಶ್ನೆಗಳ ಓಟದಲ್ಲಿ ಅವನ ಕೈ ನಡೆಯಲಿಲ್ಲ. ತನಗೆ ಅಂಕ ತರುತ್ತಿದ್ದ ವಿಭಾಗವಿಲ್ಲದ ಪರೀಕ್ಷೆಯನ್ನು ತಾನೇ ಆರಿಸಿಕೊಂಡಿದ್ದ. ಯಾರೇ ಬಂದರೂ ನಾನು ಈಗ ಮೊದಲು ಕೇಳುವುದು ಎಷ್ಟು ಗಂಟೆ ಓದುತ್ತೀಯ ಎಂದಲ್ಲ, ಸ್ಕೋರ್ ಕಾರ್ಡ್ ಎಲ್ಲಿ ಎಂದು.

ಹೊರಡುವ ಮುನ್ನ ಚೈತ್ರಾ ತನ್ನ ಖರ್ಚಿನ ಪುಸ್ತಕ ತೋರಿಸಿದಳು. ಮೂರು ವರ್ಷದ ಪರೀಕ್ಷಾ ಶುಲ್ಕ: 850ರಂತೆ ಐದು, ಸ್ಟೇಟ್ ಬ್ಯಾಂಕಿನದು 750, ಒಟ್ಟು 5,000. ತರಬೇತಿ 16,000. ವಾಚನಾಲಯ ಹತ್ತೊಂಬತ್ತು ತಿಂಗಳಿಗೆ 13,300. ಕೆಳಗೆ ಕೆಂಪು ಶಾಯಿಯಲ್ಲಿ ‘ಗಾಂಧಿನಗರ 10,000’ ಎಂದು ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದಳು. ದೂರು ಕೊಡೋಣ ಎಂದು ಎರಡು ಸಲ ಹೇಳಿದ್ದೆ. ಠಾಣೆ ಮೆಟ್ಟಿಲು ಬೇಡವೆಂದು ತಂದೆ ಒಪ್ಪಿರಲಿಲ್ಲ. ಮೊದಲ ಸಂಬಳ ಬಂದ ವಾರ ಅವರು ಒಬ್ಬರೇ ಆ ಕಟ್ಟಡಕ್ಕೆ ಹೋಗಿ ನೋಡಿಬಂದರಂತೆ. ಆ ಕೋಣೆಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.